ಎಲ್ಲರ ‘ಈಗ’ ಒಂದೇ ಆಗಬಲ್ಲದೆ?

ಫೋರ್ಟ್ ಕೊಚ್ಚಿಯಿಂದ ಅರ್ಧ ಗಂಟೆ ನಡೆದರೆ ಮಟ್ಟಾಂಚೇರಿಯ ಯಹೂದಿ ಬೀದಿ ಸಿಗುತ್ತದೆ. ಬೀದಿಯ ಕೊನೆಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇದೆ. ಅದರ ಪಕ್ಕದಲ್ಲಿ, ಡಚ್ಚರ ಜೊತೆ ದೊಡ್ಡ ವ್ಯಾಪಾರ ನಡೆಸುತ್ತಿದ್ದ ಎಜೆಕಿಯೆಲ್ ರಹಾಬಿ ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದ ಗಡಿಯಾರದ ಗೋಪುರ. ಗೋಪುರದ ಒಂದು ಮುಖದಲ್ಲಿ ಹೀಬ್ರೂ ಅಂಕಿಗಳು, ಇನ್ನೊಂದರಲ್ಲಿ ರೋಮನ್, ಅರಮನೆಯ ಕಡೆಗಿನ ಮುಖದಲ್ಲಿ ಮಲಯಾಳಂ. ಪ್ರಾರ್ಥನೆಗೆ ಬಂದವರು ಒಂದನ್ನು ನೋಡಿದರೆ ಮೆಣಸಿನ ವ್ಯಾಪಾರಿಗಳು ಇನ್ನೊಂದನ್ನು, ರಾಜನ ಕಡೆಯವರು ಮತ್ತೊಂದನ್ನು ನೋಡುತ್ತಿದ್ದರು. ಮುಖ ಬೇರೆಯಾದರೂ ಒಳಗಿನ ಯಂತ್ರ ಒಂದೇ. ಕಾಲ ಎಂದಾಗ ನಮ್ಮ ಮನಸ್ಸಿಗೆ ಬರುವ ಚಿತ್ರವೂ ಹೆಚ್ಚು ಕಡಿಮೆ ಇದೇ. ಜಗತ್ತಿನ ನಡುವೆ ಎಲ್ಲೋ ಒಂದು ಮಹಾಗಡಿಯಾರ ಓಡುತ್ತಿದೆ. ನಾವೆಲ್ಲ ನಮ್ಮ ನಮ್ಮ ಲಿಪಿಯಲ್ಲಿ ಅದನ್ನು ಓದಿಕೊಳ್ಳುತ್ತಿದ್ದೇವೆ. ‘ಈಗ’ ಎಂದರೆ ಎಲ್ಲರಿಗೂ ಅದೇ ಈಗ. ದೇವರನ್ನು ಸರ್ವಜ್ಞನೆಂದು ಕರೆಯುವಾಗಲೂ ಈ ಚಿತ್ರವೇ ಹಿಂದೆ ನಿಂತಿರುತ್ತದೆ: ಈ ಕ್ಷಣದಲ್ಲಿ ಎಲ್ಲೆಲ್ಲಿ ಏನೇನು ನಡೆಯುತ್ತಿದೆಯೋ ಅದೆಲ್ಲವನ್ನೂ ಒಟ್ಟಿಗೆ ಬಲ್ಲವನು. ಈ ‘ಒಟ್ಟಿಗೆ’ ಎಂಬ ಮಾತಿಗೆ ಏನರ್ಥ? ಅದು ನಮಗೆ ಹುಟ್ಟಿನಿಂದಲೇ ಸಿಕ್ಕ ವಸ್ತುವೋ, ನಾವು ಶ್ರಮಪಟ್ಟು ಕಟ್ಟಿಕೊಳ್ಳಬೇಕಾದದ್ದೋ? ಹಳೆಯ ದಾರ್ಶನಿಕ ಪ್ರಶ್ನೆ ಇದು. ಕಳೆದ ಐವತ್ತು ವರ್ಷಗಳಲ್ಲಿ ಇದಕ್ಕೆ ಅತ್ಯಂತ ಹೊಸ ಬೆಳಕು ಬಿದ್ದದ್ದು ಮಠಗಳಿಂದಲೂ ಅಲ್ಲ, ತತ್ತ್ವಶಾಸ್ತ್ರದ ವಿಭಾಗಗಳಿಂದಲೂ ಅಲ್ಲ, ಕಂಪ್ಯೂಟರ್ ವಿಜ್ಞಾನದ ತರಗತಿಗಳಿಂದ ಎಂಬುದು ನನ್ನ ವಾದ.

ಈ ಮಾತಿಗೆ ಕೇರಳ ಮೂಲದ ಒಬ್ಬ ಪ್ರಾಧ್ಯಾಪಕರ ವೃತ್ತಿಜೀವನವನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು. ಕೊಚ್ಚಿಯ ದಕ್ಷಿಣಕ್ಕಿರುವ ಕೋಟ್ಟಯಂನಲ್ಲಿ 1944ರಲ್ಲಿ ಹುಟ್ಟಿದ ಕೆ. ಮಣಿ ಚಾಂಡಿ 1965ರಲ್ಲಿ ಮದ್ರಾಸ್ ಐಐಟಿಯಿಂದ ಪದವಿ, 1969ರಲ್ಲಿ ಎಂಐಟಿಯಿಂದ ಡಾಕ್ಟರೇಟ್ ಪಡೆದರು. 1970ರಿಂದ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ, 1989ರಿಂದ ಕ್ಯಾಲ್ಟೆಕ್‌ನಲ್ಲಿ ಪಾಠ ಮಾಡಿದರು. ಶುರುವಿನ ಕೆಲಸ ಸರತಿ ಸಾಲುಗಳ ಗಣಿತ. ಅನೇಕ ಕೆಲಸಗಳು ಅನೇಕ ಯಂತ್ರಗಳ ಮುಂದೆ ಕಾದು ನಿಂತಾಗ ತಡ ಎಷ್ಟಾಗುತ್ತದೆ ಎಂಬ ಲೆಕ್ಕ. ಮೂವರು ಸಂಗಡಿಗರೊಂದಿಗೆ 1975ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಆ ಕ್ಷೇತ್ರದ ಮೂಲ ಪಾಠ. ಆಮೇಲೆ ಒಡಿಶಾ ಮೂಲದ ಜಯದೇವ ಮಿಶ್ರರ ಜೊತೆ ದೀರ್ಘ ಕಾಲದ ಒಡನಾಟ. ದೂರ ದೂರದಲ್ಲಿರುವ ಕಂಪ್ಯೂಟರುಗಳು, ಮೇಲ್ವಿಚಾರಕನಿಲ್ಲದೆ, ಬರೀ ಸಂದೇಶಗಳ ಮೂಲಕ ಒಟ್ಟಾಗಿ ಒಂದು ಕೆಲಸ ಮಾಡುವುದು ಹೇಗೆ, ಒಂದಕ್ಕೊಂದು ಕಾಯುತ್ತ ಎಲ್ಲವೂ ಸಿಕ್ಕಿಹಾಕಿಕೊಂಡರೆ ಅದನ್ನು ಪತ್ತೆ ಮಾಡುವುದು ಹೇಗೆ ಎಂಬ ಪ್ರಶ್ನೆಗಳು. ಕೊನೆಯ ಘಟ್ಟದಲ್ಲಿ ಕ್ಯಾಲ್ಟೆಕ್‌ನ ಭೂಕಂಪ ವಿಜ್ಞಾನಿಗಳ ಜೊತೆ ಸೇರಿ, ಜನರ ಮನೆಗಳಲ್ಲಿ ಇಟ್ಟ ಅಗ್ಗದ ಸಂವೇದಕಗಳಿಂದ ನೆಲದ ನಡುಕವನ್ನು ಗುರುತಿಸುವ ಜಾಲದ ಮೇಲೆ ದುಡಿದರು. ಸಾಲಿನಲ್ಲಿ ಕಾಯುವುದು, ದೂರದವರು ಒಬ್ಬರನ್ನೊಬ್ಬರು ಅರಿಯುವುದು, ಗಡುವಿನೊಳಗೆ ಎಚ್ಚರಿಸುವುದು: ಮೂರೂ ಬೇರೆ ಬೇರೆ ವಿಷಯವೆಂದು ಕಂಡರೂ ಆಳದಲ್ಲಿ ಒಂದೇ. ಒಂದು ಕಡೆ ನಡೆದದ್ದು ಇನ್ನೊಂದು ಕಡೆಗೆ ತಿಳಿಯುವುದಕ್ಕೆ ಹೊತ್ತು ಹಿಡಿಯುತ್ತದೆ ಎಂಬ ಸಂಗತಿಯನ್ನು ಗಂಭೀರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದೇ ಆ ಇಡೀ ಜೀವನದ ವಿಚಾರಣೆ.

ನಡುವಿನ ಪ್ರಶ್ನೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಟ್ಟಾಂಚೇರಿಯ ಗೋದಾಮಿನಲ್ಲಿ 500 ಚೀಲ ಕಾಳುಮೆಣಸು, ತಿರುವನಂತಪುರದ ಚಾಲೈ ಪೇಟೆಯ ಗೋದಾಮಿನಲ್ಲಿ 500 ಚೀಲ ಇದೆ ಎಂದಿಟ್ಟುಕೊಳ್ಳಿ. ಒಬ್ಬನೇ ಯಜಮಾನ, ಒಟ್ಟು ಸರಕು 1000 ಚೀಲ. ಎರಡೂ ಕಡೆಯ ಗುಮಾಸ್ತರಿಗೆ ಸ್ಟಾಕ್ ಎಣಿಸಿ ಬರೆಯಿರಿ ಎಂದು ಹೇಳಿದ್ದಾನೆ. ಮಟ್ಟಾಂಚೇರಿಯವನು ಎಣಿಸಿ 500 ಎಂದು ಬರೆದ. ಆಮೇಲೆ 200 ಚೀಲ ಹೇರಿಕೊಂಡು ಲಾರಿ ಹೊರಟಿತು. ಅದು ಚಾಲೈಗೆ ಬಂದು ಇಳಿಸಿದ ಮೇಲೆ ಅಲ್ಲಿಯವನು ಎಣಿಸಿ 700 ಎಂದು ಬರೆದ. ಲೆಕ್ಕ 1200ಕ್ಕೆ ಏರಿತು. ಇದನ್ನೇ ತಿರುಗಿಸಿ ನೋಡಿ: ಲಾರಿ ಹೊರಟ ಮೇಲೆ ಇಲ್ಲಿಯವನು ಎಣಿಸಿದ, 300, ಲಾರಿ ಬರುವ ಮೊದಲೇ ಅಲ್ಲಿಯವನು ಎಣಿಸಿದ್ದ, 500. ಲೆಕ್ಕ 800ಕ್ಕೆ ಇಳಿಯಿತು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಎಣಿಸಿದ್ದು ಸರಿ. ಎರಡು ಸತ್ಯಗಳನ್ನು ಕೂಡಿಸಿದಾಗ ಸುಳ್ಳು ಹುಟ್ಟಿತು. ಇಬ್ಬರೂ ಒಂದೇ ಕ್ಷಣದಲ್ಲಿ ಎಣಿಸಿದ್ದರೆ ಹೀಗಾಗುತ್ತಿರಲಿಲ್ಲ, ರಸ್ತೆಯ ಮೇಲಿನ ಚೀಲಗಳನ್ನೂ ಆ ಕ್ಷಣಕ್ಕೆ ಎಣಿಸುವವನೊಬ್ಬ ಇದ್ದಿದ್ದರೆ ಚಿಂತೆಯೇ ಇರುತ್ತಿರಲಿಲ್ಲ ಎಂದು ತಕ್ಷಣ ಅನಿಸುತ್ತದೆ. ಆದರೆ ಆ ಒಂದೇ ಕ್ಷಣವನ್ನು ಎರಡು ಊರಿಗೂ ತಲುಪಿಸುವವರು ಯಾರು? ಅದೂ ಒಂದು ಸುದ್ದಿಯಾಗಿಯೇ ಹೋಗಬೇಕು, ಸುದ್ದಿಗೂ ಹೊತ್ತು ಹಿಡಿಯುತ್ತದೆ. ಫೋನು ಇದೆಯಲ್ಲ ಎನ್ನುವಿರಿ. ಗುಮಾಸ್ತರಿಗೆ ಅದು ಸಾಕು. ಕಂಪ್ಯೂಟರಿಗೆ ಸಾಲದು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ಕೊಚ್ಚಿಯಿಂದ ತಿರುವನಂತಪುರಕ್ಕಿರುವ ಸುಮಾರು 200 ಕಿಲೋಮೀಟರನ್ನು ದಾಟಲು ಅದಕ್ಕೆ ಒಂದು ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಸಾಧಾರಣ ಪ್ರೊಸೆಸರೊಂದು ಹತ್ತು ಲಕ್ಷ ಸಲ ಮಿಡಿದಿರುತ್ತದೆ. ನಮ್ಮ ಕಣ್ಣಿಗೆ ಒಂದೇ ಕ್ಷಣವೆಂದು ಕಾಣುವುದು ಆ ಯಂತ್ರಕ್ಕೆ ಲಾರಿ ಹೊರಟು ಮುಟ್ಟುವಷ್ಟು ದೀರ್ಘ ಕಾಲ.

ಇದಕ್ಕೆ ಚಾಂಡಿ ಮತ್ತು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಕೊಟ್ಟ ಉತ್ತರ 1985ರಲ್ಲಿ ಪ್ರಕಟವಾಯಿತು. ಆಸ್ಟಿನ್ನಿನಲ್ಲಿ ಒಂದು ರಾತ್ರಿಯ ಊಟದ ಹೊತ್ತಿಗೆ ಚಾಂಡಿ ಈ ಸಮಸ್ಯೆಯನ್ನು ಮುಂದಿಟ್ಟರೆಂದೂ, ಮರುದಿನ ಬೆಳಿಗ್ಗೆ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಉತ್ತರ ಕಂಡುಕೊಂಡಿದ್ದರೆಂದೂ ಲ್ಯಾಂಪೋರ್ಟ್ ಬರೆದಿದ್ದಾರೆ. ಉತ್ತರ ಇಷ್ಟು ಸರಳ: ರಸ್ತೆಯಲ್ಲಿ ಒಂದು ಲಾರಿ ಇನ್ನೊಂದನ್ನು ಹಿಂದಿಕ್ಕುವುದಿಲ್ಲ ಎಂಬ ಒಂದು ಕಟ್ಟಳೆ ಇರಲಿ. ಯಾವ ಗುಮಾಸ್ತ ಬೇಕಾದರೂ ತನಗೆ ತೋಚಿದಾಗ ಎಣಿಸಲಿ. ಎಣಿಸಿದ ಕೂಡಲೇ, ಮುಂದಿನ ಲಾರಿಯನ್ನು ಬಿಡುವ ಮೊದಲು, ಅದೇ ರಸ್ತೆಯಲ್ಲಿ ಒಂದು ಚೀಟಿ ಕಳಿಸಲಿ. ಚೀಟಿ ಕೈಗೆ ಬಂದಾಗ ಇನ್ನೊಬ್ಬ ಅದುವರೆಗೆ ಎಣಿಸದಿದ್ದರೆ ತಕ್ಷಣ ಎಣಿಸಿ, ತಾನೂ ಒಂದು ಚೀಟಿ ಕಳಿಸಲಿ. ಮೊದಲೇ ಎಣಿಸಿದ್ದರೆ, ತಾನು ಎಣಿಸಿದ ಮೇಲೆ ಚೀಟಿ ಬರುವವರೆಗೆ ಆ ರಸ್ತೆಯಲ್ಲಿ ಬಂದ ಚೀಲಗಳನ್ನು ‘ದಾರಿಯಲ್ಲಿದ್ದವು’ ಎಂದು ಬೇರೆಯಾಗಿ ಬರೆದಿಡಲಿ. ಹೇಗೆ ಮಾಡಿದರೂ ಮೊತ್ತ ಸಾವಿರವೇ ಬರುತ್ತದೆ. ಕೈಬೆರಳಲ್ಲಿ ಎಣಿಸಿ ನೋಡಬಹುದು. ಗಡಿಯಾರ ಬೇಕಿಲ್ಲ, ಮೇಲಿನಿಂದ ನೋಡುವವನು ಬೇಕಿಲ್ಲ, ವ್ಯಾಪಾರ ನಿಲ್ಲಿಸಬೇಕಿಲ್ಲ. ಆ ಪ್ರಬಂಧದಲ್ಲಿ ಲೇಖಕರು ಕೊಟ್ಟ ಹೋಲಿಕೆ ಆಕಾಶದ ತುಂಬ ಹಾರುವ ವಲಸೆ ಹಕ್ಕಿಗಳದು. ಒಂದೇ ಚಿತ್ರದಲ್ಲಿ ಹಿಡಿಯಲಾಗದ ಆ ನೋಟವನ್ನು ಹಲವು ಛಾಯಾಗ್ರಾಹಕರು ತುಂಡು ತುಂಡಾಗಿ ತೆಗೆದು, ಹಕ್ಕಿಗಳನ್ನು ಬೆದರಿಸದೆ ಜೋಡಿಸಬೇಕು. ಕೋಟ್ಟಯಂಗೆ ಹತ್ತಿರದ ಕುಮರಕಂನಲ್ಲಿ ವೇಂಬನಾಡು ಕಾಯಲಿನ ಮೇಲೆ ಹಕ್ಕಿಗಳು ಏಳುವುದನ್ನು ನೋಡಿದವರಿಗೆ ಈ ಹೋಲಿಕೆ ಬೇಗ ಹಿಡಿಸುತ್ತದೆ.

ಆದರೆ ನಿಜವಾದ ವಿಸ್ಮಯ ಮುಂದಿದೆ. ಹೀಗೆ ಜೋಡಿಸಿದ ಚಿತ್ರ ಯಾವ ಕ್ಷಣದ್ದು? ಮಟ್ಟಾಂಚೇರಿಯವನು 500 ಎಂದು ಬರೆದು, ಚೀಟಿ ಕಳಿಸಿ, ಹಿಂದೆಯೇ 200 ಚೀಲದ ಲಾರಿ ಬಿಟ್ಟ. ಚೀಟಿ ಇನ್ನೂ ದಾರಿಯಲ್ಲಿರುವಾಗ ಚಾಲೈಯವನು 100 ಚೀಲವನ್ನು ಈ ಕಡೆಗೆ ಕಳಿಸಿದ. ಚೀಟಿ ಬಂದಾಗ ಎಣಿಸಿ 400 ಎಂದು ಬರೆದ. ದಾರಿಯಲ್ಲಿದ್ದ 100 ಮಟ್ಟಾಂಚೇರಿಯವನ ಪಟ್ಟಿಗೆ ಸೇರಿತು. ಐನೂರು, ನಾನೂರು, ದಾರಿಯಲ್ಲಿ ನೂರು: ಮೊತ್ತ ಸರಿ. ಆದರೆ ಚಾಲೈಯಲ್ಲಿ 400 ಇದ್ದ ಹೊತ್ತಿಗೆ ಮಟ್ಟಾಂಚೇರಿಯಲ್ಲಿ ಉಳಿದಿದ್ದದ್ದು 300 ಮಾತ್ರ. ಪಟ್ಟಿಯಲ್ಲಿರುವ ಸ್ಥಿತಿ ಯಾವ ಗಳಿಗೆಯಲ್ಲೂ ಇರಲೇ ಇಲ್ಲ! ಹಾಗಾದರೆ ಅದು ಸುಳ್ಳೇ? ಅಲ್ಲ. ಚಾಲೈಯ ಲಾರಿ ಸ್ವಲ್ಪ ಮೊದಲು ಹೊರಟಿದ್ದರೆ ಅದು ಇದ್ದೇ ಇರುತ್ತಿತ್ತು. ಒಂದರ ಪ್ರಭಾವ ಇನ್ನೊಂದರ ಮೇಲಿಲ್ಲದ ಆ ಎರಡು ಲಾರಿಗಳಲ್ಲಿ ಮೊದಲು ಯಾವುದು ಎಂಬುದರಿಂದ ಒಳಗಿನವರ ಬಾಳಿನಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ. ಆರಂಭದಿಂದ ಈ ಚಿತ್ರಕ್ಕೆ ದಾರಿಯಿದೆ, ಈ ಚಿತ್ರದಿಂದ ಅಂತ್ಯಕ್ಕೆ ದಾರಿಯಿದೆ ಎಂಬುದನ್ನು ಪ್ರಬಂಧ ಸಾಧಿಸಿ ತೋರಿಸಿತು. ಕಾರಣ ಮೊದಲು, ಕಾರ್ಯ ಆಮೇಲೆ ಎಂಬ ನಿಯಮ ಎಲ್ಲೂ ಮುರಿದಿಲ್ಲ. ಅದರಿಂದ ಒಂದು ದೊಡ್ಡ ಫಲ ಹೊರಬಂತು. ಒಮ್ಮೆ ಉಂಟಾದರೆ ಮತ್ತೆ ಅಳಿಯದ ಸಂಗತಿ, ಅಂದರೆ ಕೆಲಸ ಮುಗಿದಿದೆ, ಎಲ್ಲರೂ ಒಬ್ಬರಿಗೊಬ್ಬರು ಕಾಯುತ್ತ ಸಿಕ್ಕಿಬಿದ್ದಿದ್ದಾರೆ ಎಂಬಂಥದ್ದು, ಈ ಚಿತ್ರದಲ್ಲಿ ಕಂಡರೆ ಈಗಲೂ ಅದು ಖಂಡಿತ ಇದೆ. ಬಂದು ಹೋಗುವ ಸಂಗತಿಯಾದರೆ ಅಂಥ ಖಾತ್ರಿ ಇಲ್ಲ.

ನ್ಯಾಯಶಾಸ್ತ್ರ ಓದಿದವರಿಗೆ ಇಲ್ಲಿ ಕಿವಿ ನಿಮಿರಬೇಕು. ಅಭಾವಗಳನ್ನು ವಿಂಗಡಿಸುವಾಗ ನೈಯಾಯಿಕರು ಪ್ರಧ್ವಂಸಾಭಾವ ಎಂದು ಒಂದನ್ನು ಹೇಳುತ್ತಾರೆ. ಮಡಕೆ ಒಡೆದ ಮೇಲಿನ ಇಲ್ಲದಿರುವಿಕೆ ಅದು. ಅದಕ್ಕೆ ಆದಿ ಇದೆ, ಅಂತ್ಯವಿಲ್ಲ. ಜೈನರು ಸಿದ್ಧಸ್ಥಿತಿಯನ್ನು ಸಾದಿ-ಅನಂತ ಎನ್ನುವುದೂ ಇದೇ ರೀತಿ. ನಿತ್ಯ, ಅನಿತ್ಯ ಎಂಬ ಎರಡೇ ಮನೆ ಮಾಡಿಕೊಂಡ ನಮ್ಮ ಸಾಮಾನ್ಯ ವೇದಾಂತದ ಮಾತಿನಲ್ಲಿ ಈ ಮೂರನೆಯದಕ್ಕೆ ಸಲ್ಲಬೇಕಾದ ಗೌರವ ಸಿಕ್ಕಿಲ್ಲ. ಒಂದೇ ‘ಈಗ’ ಇಲ್ಲದೆ ಬಾಳುವ ಜೀವಿಗೆ ದೂರದ ವಿಷಯದಲ್ಲಿ ಖಚಿತವಾಗಿ ದಕ್ಕುವ ಜ್ಞಾನ ಯಾವುದೆಂದರೆ, ಆದಿಯಿದ್ದು ಅಂತ್ಯವಿಲ್ಲದ ಸಂಗತಿಗಳ ಜ್ಞಾನ. ಆದದ್ದು ಆಗಿಹೋಗಿದೆ ಎಂಬುದನ್ನು ತಡವಾಗಿಯಾದರೂ ನಿಸ್ಸಂಶಯವಾಗಿ ತಿಳಿಯಬಹುದು. ಆಗುತ್ತಿರುವುದನ್ನು, ಆಗುತ್ತಿರುವ ಹೊತ್ತಿನಲ್ಲೇ, ದೂರದಿಂದ ತಿಳಿಯಲಾಗದು.

ಕಾಲದ ವಿಚಾರದಲ್ಲಿ ನಮ್ಮ ದರ್ಶನಗಳು ಒಂದೇ ಮಾತು ಆಡಿಲ್ಲ. ಕಣಾದನ ವೈಶೇಷಿಕಕ್ಕೆ ಕಾಲ ಒಂದೇ, ನಿತ್ಯ, ಸರ್ವವ್ಯಾಪಿ. ಅದನ್ನು ಊಹಿಸಿಕೊಳ್ಳಲು ಅವನು ಕೊಟ್ಟ ಗುರುತುಗಳು: ಮುಂಚೆ ಮತ್ತು ಆಮೇಲೆ ಎಂಬ ಅರಿವು, ಒಟ್ಟಿಗೆ ಎಂಬ ಅರಿವು, ತಡವಾಗಿ, ಬೇಗನೆ ಎಂಬ ಅರಿವು. ಲ್ಯಾಂಪೋರ್ಟ್ 1978ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಅವರು ಮುಂಚೆ-ಆಮೇಲೆಯನ್ನು ಉಳಿಸಿಕೊಂಡರು: ಒಂದೇ ಕಡೆ ನಡೆದವುಗಳಿಗೆ ಕ್ರಮ ಇದೆ, ಸಂದೇಶ ಕಳಿಸಿದ್ದು ಅದು ಮುಟ್ಟಿದ್ದಕ್ಕಿಂತ ಮುಂಚೆ. ‘ಒಟ್ಟಿಗೆ’ ಎಂಬುದನ್ನು ಕೈಬಿಟ್ಟರು. ಸಂದೇಶದ ಸರಪಳಿಯಿಂದ ಬೆಸೆಯದ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೆ ಒಳಗಿನವರಲ್ಲಿ ಉತ್ತರವೇ ಇಲ್ಲ ಎಂದರು. ತಡ ಮತ್ತು ಬೇಗ ಎಂಬ ಕೊನೆಯ ಗುರುತುಗಳು, ಗಡುವಿನೊಳಗೆ ಉತ್ತರ ಕೊಡಬೇಕಾದ ರಿಯಲ್ ಟೈಮ್ ವ್ಯವಸ್ಥೆಗಳ ಪಾಲಿಗೆ ಬಂದವು. ಕಣಾದನ ಗುರುತುಗಳಲ್ಲಿ ಒಂದು ಬಿತ್ತು, ಉಳಿದವು ನಿಂತವು ಎನ್ನಬಹುದು. ಆದರೆ ನಮ್ಮ ನಾಡಿಗೆ ಇನ್ನೂ ಹತ್ತಿರದ ಸಾಕ್ಷ್ಯ ಶ್ರವಣಬೆಳಗೊಳದಲ್ಲಿದೆ. ಸಂಪ್ರದಾಯ ಚಾವುಂಡರಾಯನ ಗುರು ನೇಮಿಚಂದ್ರರಿಗೆ ಸೇರಿಸುವ ದ್ರವ್ಯಸಂಗ್ರಹ ಎಂಬ ಪ್ರಾಕೃತ ಗ್ರಂಥ, ದಿಗಂಬರ ಜೈನರ ಕಾಲಾಣು ಸಿದ್ಧಾಂತವನ್ನು ಹೇಳುತ್ತದೆ. ಲೋಕಾಕಾಶದ ಒಂದೊಂದು ಪ್ರದೇಶದಲ್ಲೂ ಒಂದೊಂದು ಕಾಲಾಣು. ರಾಶಿ ಹಾಕಿದ ರತ್ನಗಳ ಹಾಗೆ ಪಕ್ಕಪಕ್ಕದಲ್ಲಿದ್ದರೂ ಒಂದು ಇನ್ನೊಂದರಲ್ಲಿ ಬೆರೆಯುವುದಿಲ್ಲ. ಉಳಿದ ದ್ರವ್ಯಗಳು ಹರಡಿಕೊಂಡ ಕಾಯಗಳಾದರೆ ಕಾಲ ಅಸ್ತಿಕಾಯವಲ್ಲ. ಹೀಗೆ ಪ್ರತಿಯೊಂದು ನೆಲೆಗೂ ಅದರದೇ ಕಾಲ ಎಂದು ಹೇಳಿದ ಧೈರ್ಯ ಜಗತ್ತಿನ ಚಿಂತನೆಯಲ್ಲೇ ಅಪರೂಪ. ಜೈನಾಚಾರ್ಯರು ಕಂಪ್ಯೂಟರನ್ನು ಮೊದಲೇ ಕಂಡಿದ್ದರು ಎಂಬ ಬಡಾಯಿ ನನ್ನದಲ್ಲ. ಅವರ ಕಾಲಾಣುಗಳು ಒಂದಕ್ಕೊಂದು ಸಂದೇಶ ಕಳಿಸುವುದಿಲ್ಲ, ಪ್ರಶ್ನೆಯೂ ಬೇರೆ. ಆದರೆ ಕಾಲ ಒಂದೇ ಎಂಬುದು ಸ್ವತಃಸಿದ್ಧವಲ್ಲ, ಅದನ್ನು ನಿರಾಕರಿಸಿಯೂ ಒಂದು ಪೂರ್ಣ ಧರ್ಮ ಸಾವಿರ ವರ್ಷ ಬಾಳಬಹುದು ಎಂಬುದಕ್ಕೆ ಇಷ್ಟು ಸಾಕು.

ನನ್ನ ವಾದಕ್ಕೆ ಬರಬಹುದಾದ ಮೊದಲ ಆಕ್ಷೇಪ ಗಡಿಯಾರದ್ದು. ಈಗ ಎಲ್ಲ ಗಡಿಯಾರಗಳೂ ಒಂದೇ ಆಗಿವೆಯಲ್ಲ? 1906ರಲ್ಲಿ ಭಾರತಕ್ಕೆ ಒಂದು ಪ್ರಮಾಣಿತ ಸಮಯ ಬಂತು. 82.5 ಡಿಗ್ರಿ ರೇಖಾಂಶದ ಆ ಸಮಯಕ್ಕಿಂತ ಫೋರ್ಟ್ ಕೊಚ್ಚಿಯ ಸೂರ್ಯ ಸುಮಾರು 25 ನಿಮಿಷ ಹಿಂದೆ. ಯಾರೂ ಅದನ್ನು ಗಮನಿಸುವುದೂ ಇಲ್ಲ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಪರಮಾಣು ಗಡಿಯಾರಗಳಿಂದ ಸಮಯ ಕಾಯುತ್ತದೆ, ಇಸ್ರೋದ ನಾವಿಕ್ ಉಪಗ್ರಹಗಳು ಆಕಾಶದಿಂದ ಸಮಯ ಸಾರುತ್ತವೆ. ಇಷ್ಟಿದ್ದ ಮೇಲೆ ಎಲ್ಲರ ಈಗ ಒಂದೇ ಅಲ್ಲವೆ? ಒಂದೇ ಆಗುವಂತೆ ಮಾಡಿದ್ದೇವೆ ಎಂಬುದು ನಿಜ. ಆ ‘ಮಾಡಿದ್ದೇವೆ’ಯಲ್ಲೇ ನನ್ನ ವಾದವಿದೆ. ಗಡಿಯಾರಗಳನ್ನು ಹೊಂದಿಸುವುದೂ ಸಂದೇಶಗಳಿಂದಲೇ. ಸಂದೇಶ ತಲುಪಲು ಹಿಡಿಯುವ ಹೊತ್ತಿನಲ್ಲಿ ಎಷ್ಟು ಅನಿಶ್ಚಯವಿದೆಯೋ ಅದಕ್ಕೆ ತಕ್ಕ ಅಂತರ ಉಳಿದೇ ಉಳಿಯುತ್ತದೆ ಎಂದು ಜೆನ್ನಿಫರ್ ಲುಂಡೆಲಿಯಸ್ ಮತ್ತು ನ್ಯಾನ್ಸಿ ಲಿಂಚ್ 1984ರಲ್ಲಿ ಸಾಧಿಸಿದರು. ಗಡಿಯಾರಗಳು ಎಳ್ಳಷ್ಟೂ ಕೆಡದೆ ಓಡಿದರೂ ಎರಡು ಗಡಿಯಾರಗಳ ನಡುವೆ ಆ ಅನಿಶ್ಚಯದ ಅರ್ಧದಷ್ಟು ಅಂತರವನ್ನು ಯಾವ ಉಪಾಯದಿಂದಲೂ ಅಳಿಸಲಾಗದು. ಗೂಗಲ್ 2012ರಲ್ಲಿ ವಿವರಿಸಿದ ಸ್ಪ್ಯಾನರ್ ಎಂಬ ದತ್ತಾಂಶ ವ್ಯವಸ್ಥೆ ಈ ಸತ್ಯವನ್ನು ಒಪ್ಪಿಕೊಂಡೇ ಕಟ್ಟಿದ್ದು. ಅದರಲ್ಲಿ ಸಮಯ ಎಷ್ಟು ಎಂದು ಕೇಳಿದರೆ ಒಂದು ಬಿಂದು ಉತ್ತರವಾಗಿ ಬರುವುದಿಲ್ಲ. ಇದಕ್ಕಿಂತ ಮೊದಲಲ್ಲ, ಇದಕ್ಕಿಂತ ಆಮೇಲಲ್ಲ ಎಂಬ ಎರಡು ಅಂಚುಗಳು ಬರುತ್ತವೆ. ಸಂಶಯ ಕಳೆಯುವವರೆಗೆ ಯಂತ್ರ ಸುಮ್ಮನೆ ಕಾಯುತ್ತದೆ. ಪಂಚಾಂಗದ ಮುಹೂರ್ತವೂ ಬಿಂದುವಲ್ಲ, 48 ನಿಮಿಷಗಳ ಅವಧಿ.

ಇದೇ ಆಕ್ಷೇಪಕ್ಕೆ ತಿರುವನಂತಪುರದ ಒಂದು ಗಟ್ಟಿ ಪುರಾವೆಯನ್ನೂ ಒದಗಿಸಬಹುದು. ಸ್ವಾತಿ ತಿರುನಾಳ್ ಮಹಾರಾಜ 1837ರಲ್ಲಿ ಅಲ್ಲಿ ವೀಕ್ಷಣಾಲಯ ಸ್ಥಾಪಿಸಿದ. 1852ರಲ್ಲಿ ಅದರ ಹೊಣೆ ಹೊತ್ತ ಜಾನ್ ಅಲನ್ ಬ್ರೌನ್, ಊರಿನ ವೀಕ್ಷಣಾಲಯದ ಜೊತೆಗೆ ಅಗಸ್ತ್ಯಮಲೆಯ ತುದಿಯಲ್ಲೂ ಒಂದನ್ನು ನಡೆಸಿ, ಭೂಮಿಯ ಕಾಂತಶಕ್ತಿಯನ್ನು ಎರಡು ಕಡೆಯೂ ಅಳೆಸಿದ. ಭೂಮಿಯ ಕಾಂತಶಕ್ತಿ ಏರುವುದು ಇಳಿಯುವುದು ಅಲ್ಲೊಂದು ಇಲ್ಲೊಂದು ಕಡೆಯಲ್ಲ, ಇಡೀ ಭೂಮಿಗೆ ಒಟ್ಟಾಗಿ ಎಂಬ ನಿರ್ಣಯಕ್ಕೆ ಬಂದದ್ದು ಅವನ ದೊಡ್ಡ ಸಾಧನೆ. ಇಡೀ ಭೂಮಿ ಒಟ್ಟಾಗಿ ಬದಲಾಗುವುದಾದರೆ ಒಂದೇ ಈಗ ಇದ್ದೇ ಇದೆಯಲ್ಲ ಎಂದು ಕೇಳಬಹುದು. ಆದರೆ ಬ್ರೌನ್‌ಗೆ ಅದು ಗೊತ್ತಾದದ್ದು ಹೇಗೆ? ದೂರ ದೂರದ ವೀಕ್ಷಣಾಲಯಗಳ ದಿನದಿನದ ಸರಾಸರಿಗಳ ಕಡತಗಳನ್ನು ಆಮೇಲೆ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದ್ದರಿಂದ. ತಿರುವನಂತಪುರ ಮತ್ತು ಅಗಸ್ತ್ಯಮಲೆಯ ಅಳತೆಗಳ ದೊಡ್ಡ ಸಂಪುಟ ಲಂಡನ್ನಿನಲ್ಲಿ ಅಚ್ಚಾದದ್ದು 1874ರಲ್ಲಿ. ಒಟ್ಟಿಗೆ ಎಂಬುದು ಆ ಕ್ಷಣದಲ್ಲಿ ಯಾರ ಕೈಯಲ್ಲೂ ಇರಲಿಲ್ಲ. ಕಡತಗಳ ಮೇಲೆ ಬಗ್ಗಿ ಕೂತವರು ವರ್ಷಗಳ ಮೇಲೆ ಅದನ್ನು ಕಟ್ಟಿದರು.

ಎರಡನೆಯ ಆಕ್ಷೇಪ ಭಕ್ತರದು, ಹೆಚ್ಚು ಆಳವಾದದ್ದು. ಇದೆಲ್ಲ ಒಳಗಿರುವವರ ಮಿತಿ. ಈಶ್ವರನಿಗೆ ಸಂದೇಶ ಬೇಕೆ? ಉಡುಪಿಯ ಮಧ್ವರ ಮತದಲ್ಲಂತೂ ಕಾಲವನ್ನು ಊಹಿಸಿ ತಿಳಿಯಬೇಕಾದ್ದೂ ಇಲ್ಲ. ಜೀವನ ಸಾಕ್ಷಿಯೇ ಅದನ್ನು ನೇರವಾಗಿ ಬಲ್ಲುದು, ಗಾಢ ನಿದ್ದೆಯಲ್ಲೂ ಬಲ್ಲುದು. ಈ ಮಾತಿಗೆ ನನ್ನ ತಕರಾರಿಲ್ಲ. ತನ್ನಲ್ಲಿ ನಡೆದವುಗಳ ಕ್ರಮವನ್ನು ಪ್ರತಿಯೊಂದು ಕಂಪ್ಯೂಟರೂ ನೇರವಾಗಿ ಬಲ್ಲುದೆಂದು ಲ್ಯಾಂಪೋರ್ಟ್ ಕೂಡ ಒಪ್ಪಿಯೇ ಹೊರಡುತ್ತಾರೆ. ಸಾಕ್ಷಿ ಖಚಿತವಾಗಿ ಕೊಡುವುದೂ ತನ್ನ ಕ್ರಮವನ್ನೇ. ನನ್ನ ಸಾಕ್ಷಿಯ ಈಗವೂ ನಿಮ್ಮ ಸಾಕ್ಷಿಯ ಈಗವೂ ಒಂದೇ ಎಂದು ಹೇಳಲು ಇಬ್ಬರನ್ನೂ ಮೀರಿದ ಇನ್ನೊಂದು ನೆಲೆ ಬೇಕು. ಹೊರಗಿನ ಸರ್ವಜ್ಞ ಇದ್ದಾನೆಯೇ ಇಲ್ಲವೇ ಎಂಬುದನ್ನು ಈ ಪ್ರಮೇಯಗಳು ಮುಟ್ಟುವುದೇ ಇಲ್ಲ. ನವ್ಯನ್ಯಾಯದ ರಘುನಾಥ ಶಿರೋಮಣಿ ಕಾಲವನ್ನು ಈಶ್ವರನಿಂದ ಬೇರೆಯಲ್ಲವೆಂದು ಹೇಳಿ, ಕ್ಷಣವನ್ನು ಮಾತ್ರ ಬೇರೆ ಪದಾರ್ಥವಾಗಿ ಎಣಿಸಿದ. ಒಂದೇ ಕಾಲ ದೇವರ ಪಾಲಿಗೆ, ಚೂರು ಚೂರು ಕ್ಷಣಗಳು ನಮ್ಮ ಪಾಲಿಗೆ ಎಂದು ಅದನ್ನು ನಾನು ಓದಿಕೊಳ್ಳುತ್ತೇನೆ. ಆದರೆ ಒಂದು ಮಾತನ್ನು ಮರೆಯಬಾರದು. ಆ ಹೊರಗಿನ ಅರಿವು ಯಾರಾದರೊಬ್ಬರಿಗೆ ದಕ್ಕಿದರೂ, ಅವರು ಅದನ್ನು ನಮಗೆ ಹೇಳುವಾಗ ಅದು ಒಂದು ಸಂದೇಶವೇ. ದಾರಿಯಲ್ಲಿ ತಡವಾಗುತ್ತದೆ, ಕೇಳಿದವನ ಹೊತ್ತಿಗೆ ಬೇರೆ ಹೊತ್ತಾಗಿರುತ್ತದೆ. ಚಾಂಡಿ ಮತ್ತು ಮಿಶ್ರ 1986ರ ಪ್ರಬಂಧವೊಂದರಲ್ಲಿ, ದೂರದ ಸಂಗತಿಯನ್ನು ಒಬ್ಬ ಕಲಿಯಬೇಕಾದರೆ ಅಲ್ಲಿಂದ ಇಲ್ಲಿಯವರೆಗೆ ಸಂದೇಶಗಳ ಸರಪಳಿ ಇರಲೇಬೇಕು ಎಂದು ತೋರಿಸಿದರು. ನಮ್ಮವರು ಆಪ್ತವಾಕ್ಯ, ಗುರುಪರಂಪರೆ ಎಂದು ಕರೆದದ್ದು ಇಂಥ ಸರಪಳಿಯನ್ನೇ. ಇಡೀ ಸಮಾಜದ ಈ ಕ್ಷಣದ ಸ್ಥಿತಿ ನನಗೆ ಕಾಣುತ್ತಿದೆ ಎಂದು ಯಾವ ಪೀಠದಿಂದ, ಯಾವ ಪರದೆಯಿಂದ ಯಾರು ಹೇಳಿದರೂ, ಒಳಗಿರುವವರಿಗೆ ಆ ಹಕ್ಕಿಲ್ಲ.

ಇನ್ನು ಮೂರನೆಯದು: ಯಂತ್ರಗಳಿಂದ ಪರಮಾರ್ಥಕ್ಕೆ ಹಾರುವುದು ಸರಿಯೇ? ಅರ್ಧ ಸರಿಯಲ್ಲ ಎಂದು ಒಪ್ಪುತ್ತೇನೆ. ಈ ಪ್ರಮೇಯಗಳು ತಿಳಿಯುವಿಕೆಯನ್ನು ಕುರಿತವು, ಇರುವಿಕೆಯನ್ನು ಕುರಿತವಲ್ಲ. ‘ಒಟ್ಟಿಗೆ’ ಎಂಬುದರ ಬಗ್ಗೆ ಐನ್‌ಸ್ಟೈನ್ 1905ರಲ್ಲಿ ಹೇಳಿದ್ದು ಭೌತ ಜಗತ್ತನ್ನೇ ಕುರಿತ ಮಾತು. ಈ ಪ್ರಮೇಯಗಳ ಸಾಧನೆ ಅದನ್ನು ಆಧರಿಸಿಲ್ಲ. ಕಾಲ ತನ್ನಲ್ಲಿ ಒಂದೇ ಇರಬಹುದು. ಆದರೆ ಉಳಿದ ಅರ್ಧಕ್ಕೆ ಯಂತ್ರ ಎಂಬುದು ಮುಖ್ಯವೇ ಅಲ್ಲ. ಬಿಡಿ ಬಿಡಿಯಾಗಿದ್ದು, ತಡವಾಗಿ ಮುಟ್ಟುವ ಸಂದೇಶಗಳಿಂದ ಬದುಕುವ ಯಾವುದಕ್ಕೂ ಇವು ಸಲ್ಲುತ್ತವೆ, ಮನುಷ್ಯರಿಗೂ. ತಿರುವನಂತಪುರದ ಆಟ್ಟುಕಾಲ್ ಪೊಂಗಾಲೆಯನ್ನು ನೋಡಿ. 2009ರಲ್ಲಿ 25 ಲಕ್ಷ ಹೆಂಗಸರು ಸೇರಿದ್ದು ಗಿನ್ನೆಸ್ ದಾಖಲೆಗೆ ಹೋಯಿತು. ಗುಡಿಯ ಅಂಗಳದಿಂದ ಊರಿನ ಬೀದಿಬೀದಿಯವರೆಗೆ ಮೂರು ಮೂರು ಇಟ್ಟಿಗೆಯ ಒಲೆಗಳು, ಅದರ ಮೇಲೆ ಅಕ್ಕಿ, ಬೆಲ್ಲ, ಕಾಯಿತುರಿಯ ಮಡಕೆ. ಎಲ್ಲರೂ ಒಟ್ಟಿಗೆ ಒಲೆ ಹೊತ್ತಿಸುತ್ತಾರೆ ಎಂದು ಹೇಳುವುದು ರೂಢಿ. ನಿಜದಲ್ಲಿ ದೇವಿಯ ಸನ್ನಿಧಿಯ ಬೆಂಕಿಯಿಂದ ಪಂಡಾರ ಅಡುಪ್ಪು ಎಂಬ ಮುಖ್ಯ ಒಲೆ ಹೊತ್ತುತ್ತದೆ. ಅಲ್ಲಿಂದ ಪಕ್ಕದ ಒಲೆಗೆ, ಅಲ್ಲಿಂದ ಅದರ ಪಕ್ಕಕ್ಕೆ, ಬೆಂಕಿ ಕೈಯಿಂದ ಕೈಗೆ ಹೋಗುತ್ತದೆ. ತನಗೆ ಬೆಂಕಿ ಬಂದ ಕೂಡಲೇ ಹೊತ್ತಿಸಿ, ಮುಂದಿನವಳಿಗೆ ಕೊಡಬೇಕು. ಮಟ್ಟಾಂಚೇರಿಯ ಚೀಟಿಗೂ ಇದಕ್ಕೂ ನಿಯಮ ಒಂದೇ. ಬೆಂಕಿ ಬರುವ ಮೊದಲು ಒಂದು ಸ್ಥಿತಿ, ಬಂದ ಮೇಲೆ ಇನ್ನೊಂದು. ಗಡಿಯಾರ ನೋಡಿದರೆ ಮೊದಲ ಒಲೆಗೂ ದೂರದ ಬೀದಿಯ ಕೊನೆಯ ಒಲೆಗೂ ಅಂತರವಿದೆ. ಆದರೂ ಅದು ಒಟ್ಟಿಗೆ ಅಲ್ಲ ಎಂದು ಅಲ್ಲಿ ಕೂತ ಯಾವ ಹೆಂಗಸೂ ಹೇಳಳು. ಒಂದೇ ಪೂಜೆ, ಒಂದೇ ಬೆಂಕಿ, ಮುರಿಯದ ಸರಪಳಿ. ಒಟ್ಟಿಗೆ ಎಂಬುದನ್ನು ಆ ಲಕ್ಷಾಂತರ ಹೆಂಗಸರು ಕಟ್ಟಿದ್ದಾರೆ, ಕಾಲ ಅವರಿಗೆ ಅದನ್ನು ಪುಕ್ಕಟೆಯಾಗಿ ಕೊಟ್ಟಿದ್ದಲ್ಲ.

ಕಟ್ಟಿಕೊಳ್ಳಬೇಕಾದದ್ದು ಎಂದ ಮೇಲೆ ಅದಕ್ಕೊಂದು ಗಡುವೂ ಇದೆ. ರಿಯಲ್ ಟೈಮ್ ಎಂಬ ಶಾಸ್ತ್ರದ ತಿರುಳು ಇಲ್ಲಿದೆ. ಅದನ್ನು ‘ಅತಿ ವೇಗ’ ಎಂದು ತಿಳಿಯುವವರೇ ಹೆಚ್ಚು. ವೇಗವಲ್ಲ, ಗಡುವು ಅದರ ವಿಷಯ. ಲೆಕ್ಕ ಸರಿಯಾಗಿದ್ದರೂ ತಡವಾಗಿ ಬಂದ ಉತ್ತರ ತಪ್ಪು ಉತ್ತರ. ತಿರುವನಂತಪುರದ ಬಳಿಯ ತುಂಬಾ ಉಡಾವಣಾ ಕೇಂದ್ರದಿಂದ 1963ರ ನವೆಂಬರ್ 21ರಂದು ಏರಿದ ಮೊದಲ ರಾಕೆಟ್ಟಿನಿಂದ ಇಂದಿನವರೆಗೆ, ರಾಕೆಟ್ಟನ್ನು ನಡೆಸುವವರಿಗೆ ಇದು ದಿನನಿತ್ಯದ ಮಾತು. ಈ ಕ್ಷೇತ್ರದಲ್ಲಿ ಅಮೆರಿಕದಲ್ಲೂ ಮುಂಬಯಿ ಐಐಟಿಯಲ್ಲೂ ಕೆಲಸ ಮಾಡಿದ ಕೃತಿ ರಾಮಮೃತಂ, ದತ್ತಾಂಶಕ್ಕೂ ಒಂದು ಆಯುಷ್ಯವಿದೆ ಎಂಬ ವಿಚಾರವನ್ನು ಬೆಳೆಸಿದರು: ಅಳತೆ ಮಾಡಿದ್ದು ಸರಿಯೇ, ಆದರೆ ಇಷ್ಟು ಹೊತ್ತಿನವರೆಗೆ ಮಾತ್ರ. ಸತ್ಯಕ್ಕೂ ಹೊತ್ತು ಮೀರುತ್ತದೆ ಎಂಬ ಈ ಮಾತು ಪ್ರಮಾಣಶಾಸ್ತ್ರದಲ್ಲಿ ನಾವು ಇನ್ನೂ ಸರಿಯಾಗಿ ಚರ್ಚಿಸದ ಮಾತು. ಕ್ಯಾಲ್ಟೆಕ್‌ನ ಭೂಕಂಪ ಜಾಲದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ನೆಲದ ಹಾನಿಕಾರಕ ಅಲೆ ಸೆಕೆಂಡಿಗೆ ಕೆಲವೇ ಕಿಲೋಮೀಟರ್ ಹೋಗುತ್ತದೆ, ತಂತಿಯ ಸಂದೇಶ ಅದಕ್ಕಿಂತ ಸಾವಿರಾರು ಪಟ್ಟು ಬೇಗ ಹೋಗಬಲ್ಲದು. ಒಂದು ಸಂವೇದಕ ಅಲುಗಿದರೆ ಅದು ಮನೆಯ ಮಗು ಕುಣಿದದ್ದೂ ಇರಬಹುದು, ದೊಡ್ಡ ಕಂಪನದ ಮೊದಲ ಸೂಚನೆಯೂ ಇರಬಹುದು. ನೂರಾರು ಮನೆಗಳ ಚೂರು ಚೂರು ಅರಿವನ್ನು ಕೆಲವು ಸೆಕೆಂಡುಗಳಲ್ಲಿ ಜೋಡಿಸಿ ನಿರ್ಧರಿಸಬೇಕು. ಪೂರ್ಣ ಚಿತ್ರ ಸಿಗುವವರೆಗೆ ಕಾದರೆ ಚಿತ್ರ ಪೂರ್ಣವಾಗುತ್ತದೆ, ಗೋಡೆ ಬಿದ್ದಿರುತ್ತದೆ. ಒಟ್ಟು ಸತ್ಯ ಗೊತ್ತಾಗುವುದಿಲ್ಲ ಎಂಬ ವಿನಯ ಕೈಕಟ್ಟಿ ಕೂರುವುದಕ್ಕೆ ನೆಪವಾಗಬಾರದು. ಚೂರು ಅರಿವಿನಿಂದಲೇ ಹೊತ್ತಿನೊಳಗೆ ನಡೆಯಬೇಕಾದ ಕರ್ತವ್ಯವೂ ಅದರೊಂದಿಗೇ ಹುಟ್ಟುತ್ತದೆ.

ಕೇರಳದ ಕರಾವಳಿ ಇದನ್ನು 2004ರ ಡಿಸೆಂಬರ್ 26ರಂದು ಕಂಡಿತು. ಸುಮಾತ್ರದ ಬಳಿ ಕಡಲ ತಳ ಸೀಳಿದ್ದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 6.29ರ ಹೊತ್ತಿಗೆ. ಆ ಕ್ಷಣದಲ್ಲಿ ಕೊಲ್ಲಂ, ಆಲಪ್ಪುಳದ ಕಡಲಂಚಿನವರ ‘ಈಗ’ದಲ್ಲಿ ಸುನಾಮಿ ಎಂಬುದೇ ಇರಲಿಲ್ಲ. ಚೆನ್ನೈ ಮತ್ತು ನಾಗಪಟ್ಟಿಣದ ತೀರಕ್ಕೆ ಅಲೆ ಬಡಿದ ಮೇಲೂ, ಶ್ರೀಲಂಕಾದ ದಕ್ಷಿಣವನ್ನು ಸುತ್ತಿ ಅದು ಕೇರಳಕ್ಕೆ ಬರಲು ಇನ್ನೂ ಹೊತ್ತಿತ್ತು. ಸುದ್ದಿ ಇತ್ತು, ತಂತಿಗಳಿದ್ದವು. ಪೂರ್ವದ ತೀರದಿಂದ ಪಶ್ಚಿಮದ ಮೀನುಗಾರರ ಕೇರಿಗಳವರೆಗೆ ಹೊತ್ತಿನೊಳಗೆ ಮುಟ್ಟುವ ಸರಪಳಿ ಇರಲಿಲ್ಲ. ಆಲಪ್ಪಾಡ್, ಆರಾಟ್ಟುಪುಳ ಮೊದಲಾದ ಕಡೆ ಸೇರಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಬೆಳಿಗ್ಗೆ ಅವರೂ ನಾವೂ ಒಂದೇ ಕಾಲದಲ್ಲಿದ್ದೆವು ಎಂದು ಹೇಳುವುದು ಸುಲಭ. ಅವರಿಗೆ ಬೇಕಾಗಿದ್ದ ಈಗವನ್ನು ಯಾರೂ ಅವರಿಗೆ ಕಟ್ಟಿಕೊಟ್ಟಿರಲಿಲ್ಲ. ಸುನಾಮಿ ಮುನ್ನೆಚ್ಚರಿಕೆಯ ಕೇಂದ್ರ ಹೈದರಾಬಾದಿನಲ್ಲಿ ಕೆಲಸ ಶುರುಮಾಡಿದ್ದು 2007ರ ಅಕ್ಟೋಬರಿನಲ್ಲಿ.